ಗರ್ಡರ್ ಫೋರ್ಕ್ ಕೈಯಾರೆ ಕಟ್ಟುವುದು: ಟ್ರೇಲ್ ಲೆಕ್ಕದಿಂದ ಮೊದಲ ಓಟದವರೆಗೆ

ಕಸ್ಟಮ್ ಬೈಕಿನ ಟ್ಯಾಂಕಿನಲ್ಲಿ ವೆಲ್ಡಿಂಗ್ ಬಿಟ್ಟರೆ ಪೆಟ್ರೋಲ್ ಸೋರುತ್ತದೆ. ಸೀಟಿನ ಬ್ರಾಕೆಟ್ ಮುರಿದರೆ ಗಾಡಿ ಪಕ್ಕಕ್ಕೆ ಹಾಕಿ ಸರಿಮಾಡಿಕೊಳ್ಳಬಹುದು. ಮುಂಚಕ್ರವನ್ನು ಹಿಡಿದಿಡುವ ಕವಲು, ಅಂದರೆ ಮುಂದಿನ ಫೋರ್ಕ್, ಮುರಿದರೆ ಪಕ್ಕಕ್ಕೆ ಹಾಕುವಷ್ಟು ಹೊತ್ತೂ ಸಿಗುವುದಿಲ್ಲ. ಹೀಗಿದ್ದರೂ ಫೋರ್ಕನ್ನು ನೋಟಕ್ಕೆಂದು ಮೊದಲು ಕಟ್ಟಿ, ಅಳತೆಯನ್ನು ಆಮೇಲೆ ಹೊಂದಿಸುವ ರೂಢಿಯಿದೆ. ಇಲ್ಲಿ ಹೇಳುವ ಕ್ರಮ ಅದಕ್ಕೆ ತದ್ವಿರುದ್ಧ: ಮೊದಲು ಟ್ರೇಲ್ (ಹ್ಯಾಂಡಲ್ ನೆಟ್ಟಗೆ ನಿಲ್ಲುವುದನ್ನು ತೀರ್ಮಾನಿಸುವ ಅಳತೆ), ಆಮೇಲೆ ಲಿಂಕು (ಫೋರ್ಕನ್ನು ಬೈಕಿಗೆ ಕೂಡಿಸುವ ಗಿಡ್ಡ ಪಟ್ಟಿ), ಆಮೇಲೆ ಟ್ಯೂಬು. ಕಾಗದದ ಮೇಲೆ ಲೆಕ್ಕ ಕೂಡುವ ತನಕ ಹ್ಯಾಕ್ಸಾ ಕೈಗೆತ್ತಿಕೊಳ್ಳಬೇಡಿ.

ಮೊದಲು ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಕೈಯಲ್ಲಿ ಕಟ್ಟಿದ ಫೋರ್ಕ್ ಹಾಕಿಕೊಂಡು ಹೊಸೂರು ರಸ್ತೆಗೆ ಇಳಿದರೆ ಈ ಸೆಕ್ಷನ್ ನಿಮಗೂ ಅನ್ವಯಿಸುತ್ತದೆ. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಆದ್ದರಿಂದ ಈ ಲೇಖನ ಪ್ರದರ್ಶನದ ಬೈಕಿಗೆ ಮತ್ತು ಅನುಮತಿ ಪಡೆದ ಖಾಸಗಿ ಜಾಗದಲ್ಲಿ ಓಡಿಸುವ ಬೈಕಿಗೆ ಮಾತ್ರ.

ಇದರ ಜೊತೆಗೆ ಎರಡು ಕಟ್ಟುನಿಟ್ಟು. ಹೆಚ್ಚಿನ ಬೈಕುಗಳಲ್ಲಿ ಚಾಸಿಸ್ ನಂಬರ್ ಹೆಡ್ ಪೈಪಿನ (ಫೋರ್ಕ್ ಕೂತು ತಿರುಗುವ ಚಾಸಿಸ್ ಕೊಳವೆ) ಮೇಲೇ ಇರುತ್ತದೆ. ಅದರ ಹತ್ತಿರ ಗ್ರೈಂಡರ್ ಸುಳಿಯಲೇಬಾರದು. ಮೂಲ ಫೋರ್ಕನ್ನು ಟಿ (ಫೋರ್ಕನ್ನು ಹಿಡಿಯುವ ಅಡ್ಡ ಪ್ಲೇಟು), ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಆಕ್ಸಲ್ ಸಮೇತ ಎಣ್ಣೆ ಸವರಿ ಕಟ್ಟಿಡಿ. ಹೆಡ್ ಪೈಪ್ ಮುಟ್ಟದೆ ಕೆಲಸ ಮಾಡಿದರೆ ಒಂದು ಮಧ್ಯಾಹ್ನದಲ್ಲಿ ಬೈಕನ್ನು ಮೊದಲಿನ ಸ್ಥಿತಿಗೆ ತರಬಹುದು.

ಗರ್ಡರ್ ಏಕೆ

ಒಂದರೊಳಗೊಂದು ಪೈಪು ಜಾರುವ ಟೆಲಿಸ್ಕೋಪಿಕ್ ಫೋರ್ಕನ್ನು ಕೈಯಲ್ಲಿ ಮಾಡುವ ಯೋಚನೆ ಬಿಡಿ. ಹಾರ್ಡ್ ಕ್ರೋಮ್ ಮಾಡಿ ನೂರರಲ್ಲಿ ಒಂದು ಮಿಲಿಮೀಟರ್ ನಿಖರತೆಗೆ ಗ್ರೈಂಡ್ ಮಾಡಿದ ಪೈಪು, ಆಯಿಲ್ ಸೀಲ್, ಒಳಗಿನ ವಾಲ್ವು, ಇವೆಲ್ಲ ಕಾರ್ಖಾನೆಯ ಕೆಲಸ. ಉಳಿಯುವುದು ಸ್ಪ್ರಿಂಗರ್ (ಚಕ್ರವನ್ನು ಕೆಳಗಿನ ರಾಕರ್ ಎಂಬ ಗಿಡ್ಡ ತೋಳುಗಳು ಹಿಡಿದಿರುವುದು) ಮತ್ತು ಗರ್ಡರ್ (ಇಡೀ ಫೋರ್ಕೇ ಲಿಂಕುಗಳಲ್ಲಿ ಮೇಲೆ ಕೆಳಗೆ ಆಡುವುದು). ಹಾರ್ಲೆ-ಡೇವಿಡ್ಸನ್ ತನ್ನ ದೊಡ್ಡ ಬೈಕುಗಳಲ್ಲಿ 1948ರ ತನಕ ಸ್ಪ್ರಿಂಗರ್ ಇಟ್ಟು 1949ರಲ್ಲಿ ಟೆಲಿಸ್ಕೋಪಿಕ್‌ಗೆ ಹೋಯಿತು. 1988ರಲ್ಲಿ ನೋಟಕ್ಕಾಗಿ ಮತ್ತೆ ತಂದಿತು. ಚಾಪರ್ (ಉದ್ದ ಫೋರ್ಕಿನ ಕಸ್ಟಮ್ ಬೈಕು) ಅಂದರೆ ಕಣ್ಣಿಗೆ ಬರುವುದೇ ಆ ರೂಪ. ಆದರೆ ಸ್ಪ್ರಿಂಗರ್‌ನಲ್ಲಿ ಡ್ಯಾಂಪರ್ (ಸ್ಪ್ರಿಂಗಿನ ಕುಣಿತ ತಡೆಯುವ ಭಾಗ) ಕೂರಿಸುವ ಜಾಗ ಕಡಿಮೆ, ಕೆಳಗಿನ ರಾಕರ್ ಬುಷ್‌ಗಳು (ಕೀಲಿನ ಒಳ ಬಳೆಗಳು) ದೂಳಿಗೂ ಕೆಸರಿಗೂ ಬಹಳ ಹತ್ತಿರ.

ಗರ್ಡರ್‌ನಲ್ಲಿ ಟ್ಯೂಬುಗಳು ಬಹುಪಾಲು ನೇರ, ಬುಷ್‌ಗಳೆಲ್ಲ ಮೇಲೆ, ಮಧ್ಯದಲ್ಲಿ ಒಂದೇ ಸ್ಪ್ರಿಂಗ್-ಡ್ಯಾಂಪರ್. ಮೊದಲ ಸಲ ಕಟ್ಟುವವರಿಗೆ ಇದೇ ಸರಿ.

ಟ್ರೇಲ್ ಲೆಕ್ಕ

ಸ್ಟೀರಿಂಗಿನ ಅಕ್ಷವನ್ನು ಕಲ್ಪನೆಯಲ್ಲಿ ನೆಲದ ತನಕ ಎಳೆಯಿರಿ. ಆ ಗೆರೆ ನೆಲ ಮುಟ್ಟುವ ಜಾಗಕ್ಕೂ ಅದರ ಹಿಂದೆ ಟಯರ್ ನೆಲ ಮುಟ್ಟುವ ಜಾಗಕ್ಕೂ ಇರುವ ಅಂತರವೇ ಟ್ರೇಲ್. ತಳ್ಳುಗಾಡಿಯ ಚಕ್ರ ತಾನಾಗಿ ಹಿಂದಕ್ಕೆ ತಿರುಗಿ ನೆಟ್ಟಗಾಗುವುದು ಇದರಿಂದಲೇ. ಲೆಕ್ಕ ಹೀಗೆ:

ಟ್ರೇಲ್ = (ಚಕ್ರದ ತ್ರಿಜ್ಯ × ಸೈನ್ ರೇಕ್ − ಆಫ್‌ಸೆಟ್) ÷ ಕಾಸ್ ರೇಕ್

ರೇಕ್ ಎಂದರೆ ನೆಟ್ಟಗೆ ನಿಂತ ಗೆರೆಯಿಂದ ಸ್ಟೀರಿಂಗ್ ಅಕ್ಷ ಎಷ್ಟು ಡಿಗ್ರಿ ವಾಲಿದೆ ಎಂಬುದು. ಆಫ್‌ಸೆಟ್ ಎಂದರೆ ಆ ಅಕ್ಷದಿಂದ ಆಕ್ಸಲ್ ಎಷ್ಟು ಮುಂದಿದೆ ಎಂಬುದು. ಉದಾಹರಣೆಗೆ 90/90-19 ಟಯರಿನ ತ್ರಿಜ್ಯ ಸುಮಾರು 322 ಮಿ.ಮೀ. ರೇಕ್ 27 ಡಿಗ್ರಿ, ಆಫ್‌ಸೆಟ್ 50 ಮಿ.ಮೀ. ಇದ್ದರೆ: 322 × 0.454 = 146; ಅದರಲ್ಲಿ 50 ಕಳೆದರೆ 96; 0.891ರಿಂದ ಭಾಗಿಸಿದರೆ 108 ಮಿ.ಮೀ. ಇದು ಒಳ್ಳೆಯ ಟ್ರೇಲ್. 90ರಿಂದ 115ರ ನಡುವೆ ಬೈಕು ಹೇಳಿದ ಮಾತು ಕೇಳುತ್ತದೆ. 80ಕ್ಕಿಂತ ಇಳಿದರೆ ಹ್ಯಾಂಡಲ್ ಚಂಚಲವಾಗುತ್ತದೆ, ಸಣ್ಣ ಗುಂಡಿಗೂ ತಲೆ ಅಲ್ಲಾಡಿಸುತ್ತದೆ. 140 ದಾಟಿದರೆ ನಿಧಾನ ಹೋಗುವಾಗ ಹ್ಯಾಂಡಲ್ ಭಾರವಾಗಿ ಒಂದು ಕಡೆಗೆ ಬೀಳುತ್ತದೆ.

ಚಾಪರ್ ಆಸೆಗೆ ಹೆಡ್ ಪೈಪ್ ಕತ್ತರಿಸಿ ರೇಕನ್ನು 35 ಡಿಗ್ರಿ ಮಾಡಿ, ಆಫ್‌ಸೆಟ್ ಅದೇ 50 ಇಟ್ಟರೆ ಟ್ರೇಲ್ ಸುಮಾರು 165ಕ್ಕೆ ಹಾರುತ್ತದೆ. ಮತ್ತೆ 110ಕ್ಕೆ ತರಬೇಕಾದರೆ ಆಫ್‌ಸೆಟ್ ಹತ್ತಿರ ಹತ್ತಿರ 95 ಮಿ.ಮೀ. ಬೇಕು. ಉದ್ದ ಫೋರ್ಕಿನ ಬೈಕುಗಳು ತಿರುವಿನಲ್ಲಿ ಹಟ ಹಿಡಿಯಲು ಕಾರಣ ಉದ್ದವೊಂದೇ ಅಲ್ಲ, ಈ ಲೆಕ್ಕ ಬಿಟ್ಟುಹೋಗಿರುವುದೂ ಹೌದು. ಮೊದಲ ಫೋರ್ಕಿಗೆ ಮೂಲ ರೇಕ್, ಮೂಲ ಆಫ್‌ಸೆಟ್ ಎರಡನ್ನೂ ಹಾಗೇ ಇಟ್ಟುಕೊಳ್ಳಿ.

ಬೈಕಿನಿಂದ ಅಳತೆ ತೆಗೆಯುವುದು

ಮೂಲ ಫೋರ್ಕ್ ಇರುವಾಗಲೇ ಈ ಅಳತೆಗಳನ್ನು ತೆಗೆಯಿರಿ. ಬಿಚ್ಚಿದ ಮೇಲೆ ಸಿಗುವುದಿಲ್ಲ. ಬೈಕನ್ನು ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ರಸಮಟ್ಟ ಇಟ್ಟು ನೆಲ ನೋಡಿ. ಟಯರಿನಲ್ಲಿ ಸರಿಯಾದ ಗಾಳಿ ಇರಲಿ. ಓಡಿಸುವವರೇ ಸೀಟಿನ ಮೇಲೆ ಕೂರಲಿ, ಇನ್ನೊಬ್ಬರು ಅಳೆಯಲಿ.

ಡಿಜಿಟಲ್ ಆಂಗಲ್ ಗೇಜನ್ನು ಫೋರ್ಕಿನ ಪೈಪಿಗೆ ಒತ್ತಿ ರೇಕ್ ಓದಿ. ಸ್ಟೆಮ್ (ಹೆಡ್ ಪೈಪಿನೊಳಗೆ ತಿರುಗುವ ದಂಡ) ಮಧ್ಯದಿಂದ ಎರಡೂ ಪೈಪುಗಳ ಮಧ್ಯದ ಗೆರೆಗೆ ಇರುವ ಅಂತರ, ಅದರ ಜೊತೆ ಆಕ್ಸಲ್ ಪೈಪಿನಿಂದ ಮುಂದೆ ಚಾಚಿದ್ದರೆ ಅದನ್ನೂ ಕೂಡಿಸಿದರೆ ಆಫ್‌ಸೆಟ್. ಕೆಳಗಿನ ಕೋನ್ ಕೂರುವ ಜಾಗದಿಂದ ಆಕ್ಸಲಿನ ಮಟ್ಟದವರೆಗೆ ಸ್ಟೀರಿಂಗ್ ಅಕ್ಷದ ಗುಂಟ ಇರುವ ಉದ್ದ ಮೂರನೆಯದು. ಕೆಳಗಿನ ಲೆಕ್ಕಗಳಿಗೆ ಇದನ್ನು 508 ಮಿ.ಮೀ. ಎಂದು ಹಿಡಿದಿದೆ, ನಿಮ್ಮ ಬೈಕಿನದು ಬೇರೆ ಇರುತ್ತದೆ. ಆಕ್ಸಲಿನ ವ್ಯಾಸ, ಹಬ್ಬಿನ ಅಗಲ, ಡಿಸ್ಕಿನ ಜಾಗ ಬರೆದುಕೊಳ್ಳಿ.

ಅಳತೆ ಸರಿಯೇ ಎಂದು ನೋಡಲು ಹಳೆಯ ಉಪಾಯ ಇದೆ. ಆಕ್ಸಲಿನ ಮಧ್ಯದಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ನೆಲದಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ. ಸ್ಟೀರಿಂಗ್ ಅಕ್ಷಕ್ಕೆ ಸರಿಯಾಗಿ ಒಂದು ನೇರ ಅಲ್ಯೂಮಿನಿಯಂ ಪಟ್ಟಿ ಹಿಡಿದು ಅದು ನೆಲ ಮುಟ್ಟುವಲ್ಲಿ ಇನ್ನೊಂದು ಗುರುತು. ಎರಡರ ನಡುವಿನ ಅಂತರ ಲೆಕ್ಕದ ಟ್ರೇಲಿಗೆ 5 ಮಿ.ಮೀ. ಒಳಗೆ ತಾಳೆಯಾಗಬೇಕು. ಆಗದಿದ್ದರೆ ಎಲ್ಲೋ ತಪ್ಪಿದೆ, ಮತ್ತೆ ಅಳೆಯಿರಿ.

ಲಿಂಕ್ ಮತ್ತು ಬ್ಲೇಡ್ ಲೆಕ್ಕ

ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು ಲಿಂಕು. ನಾಲ್ಕರ ಉದ್ದವೂ ಒಂದೇ, ಮೇಲಿನವು ಕೆಳಗಿನವಕ್ಕೆ ಸಮಾಂತರ. ಆಗ ಚಕ್ರ ಮೇಲೆ ಕೆಳಗೆ ಹೋದರೂ ಬ್ಲೇಡಿನ (ಚಕ್ರ ಹಿಡಿಯುವ ಫೋರ್ಕಿನ ಕಾಲು) ಓರೆ ಬದಲಾಗುವುದಿಲ್ಲ. ರಂಧ್ರದ ಮಧ್ಯದಿಂದ ಮಧ್ಯಕ್ಕೆ 80 ಮಿ.ಮೀ. ಲಿಂಕು ಅಕ್ಷಕ್ಕೆ ಲಂಬವಾಗಿರುವ ಸ್ಥಿತಿಯಿಂದ ಮೇಲೆ 28, ಕೆಳಗೆ 28 ಡಿಗ್ರಿ ತಿರುಗಿದರೆ ಚಕ್ರಕ್ಕೆ 75 ಮಿ.ಮೀ. ಓಟ (ಮೇಲೆ ಕೆಳಗೆ ಆಡುವ ದೂರ) ಸಿಗುತ್ತದೆ. ಎರಡೂ ತುದಿಯಲ್ಲಿ ಆಫ್‌ಸೆಟ್ 9 ಮಿ.ಮೀ. ಕಡಿಮೆಯಾಗುತ್ತದೆ, ಅಂದರೆ ಟ್ರೇಲ್ ಸುಮಾರು 10 ಮಿ.ಮೀ. ಹೆಚ್ಚುತ್ತದೆ. ಹೆಚ್ಚುವುದು ತೊಂದರೆಯಲ್ಲ, ಕಡಿಮೆಯಾಗುವುದು ಅಪಾಯ. ಓಟದ ಮಧ್ಯಭಾಗವನ್ನು ಲಂಬ ಸ್ಥಿತಿಗೇ ಇಡುವುದು ಇದಕ್ಕಾಗಿ.

ಹಿಂದಿನ ಪಿವಟ್ (ಲಿಂಕು ತಿರುಗುವ ಕೀಲು) ಸ್ಟೀರಿಂಗ್ ಅಕ್ಷಕ್ಕಿಂತ 12 ಮಿ.ಮೀ. ಹಿಂದೆ, ಲಿಂಕು 80 ಮಿ.ಮೀ. ಮುಂದಕ್ಕೆ, ಆಕ್ಸಲ್ ಬ್ಲೇಡಿನ ಪಿವಟ್ ಗೆರೆಗಿಂತ 18 ಮಿ.ಮೀ. ಹಿಂದೆ: 80 − 12 − 18 = 50. ಬೇಕಿದ್ದ ಆಫ್‌ಸೆಟ್ ಬಂತು.

ಸವಾರ ಕೂತಾಗ 75ರಲ್ಲಿ ಸುಮಾರು 25 ಮಿ.ಮೀ. ಕುಸಿಯಬೇಕು. ಆಗ ಲಿಂಕು ಲಂಬಕ್ಕಿಂತ 12.5 ಮಿ.ಮೀ. ಕೆಳಗಿರುತ್ತದೆ. ಕೆಳಗಿನ ಟಿಯ ಪಿವಟ್ ಕೋನಿಗಿಂತ 45 ಮಿ.ಮೀ. ಕೆಳಗೆ ಬಂದರೆ, ಬ್ಲೇಡಿನ ಕೆಳ ಪಿವಟ್‌ನಿಂದ ಆಕ್ಸಲಿಗೆ 508 − 45 − 12.5 = 450.5 ಮಿ.ಮೀ.

ಮೇಲಿನ ಮತ್ತು ಕೆಳಗಿನ ಪಿವಟ್‌ಗಳ ನಡುವಿನ ಅಂತರ ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದು. ಸವಾರ ಸೇರಿ 265 ಕೆ.ಜಿ. ಬೈಕನ್ನು ಮುಂದಿನ ಬ್ರೇಕಿನಿಂದಲೇ 0.7 ಜಿಯಷ್ಟು (ಗುರುತ್ವದ ವೇಗೋತ್ಕರ್ಷದ 0.7 ಪಾಲು) ವೇಗ ಇಳಿಸುತ್ತ ನಿಲ್ಲಿಸಿದರೆ ಟಯರಿನ ಬುಡದಲ್ಲಿ ಸುಮಾರು 1,800 ನ್ಯೂಟನ್ ಬಲ. ಕೆಳ ಪಿವಟ್ ನೆಲದಿಂದ 730 ಮಿ.ಮೀ. ಮೇಲಿದೆ. ಸನ್ನೆಯ ಹಾಗೆ ಅದು ಮೇಲಿನ ಲಿಂಕುಗಳನ್ನು ಎಳೆಯುತ್ತದೆ: ಪಿವಟ್ ಅಂತರ 260 ಮಿ.ಮೀ. ಇದ್ದರೆ ಸುಮಾರು 5,000 ನ್ಯೂಟನ್, ಅಂದರೆ 510 ಕೆ.ಜಿ. ತೂಗಿದಷ್ಟು. ನೋಟಕ್ಕೆ ಚಿಕ್ಕದಾಗಿರಲಿ ಎಂದು 150 ಮಿ.ಮೀ. ಮಾಡಿದರೆ ಅದೇ 880 ಕೆ.ಜಿ. ಕೆಳಗಿನ ಲಿಂಕುಗಳ ಮೇಲೆ ಇದಕ್ಕಿಂತ ಹೆಚ್ಚೇ ಬೀಳುತ್ತದೆ.

ಇದೇ ಲೆಕ್ಕದಿಂದ ಬ್ಲೇಡಿನ ಆಕಾರವೂ ತೀರ್ಮಾನವಾಗುತ್ತದೆ. ಬದಿಗೊಂದರಂತೆ 25.4 ಮಿ.ಮೀ. ವ್ಯಾಸ, 3.2 ಮಿ.ಮೀ. ಗೋಡೆಯ ಒಂಟಿ ಟ್ಯೂಬ್ ಹಾಕಿದರೆ ಕೆಳ ಪಿವಟ್ ಹತ್ತಿರ ಒತ್ತಡ 590 ಮೆಗಾಪ್ಯಾಸ್ಕಲ್ ಮುಟ್ಟುತ್ತದೆ. ನಾರ್ಮಲೈಸ್ ಮಾಡಿದ (ಕಾಯಿಸಿ ಗಾಳಿಯಲ್ಲಿ ಆರಿಸಿದ) 4130 ಕ್ರೋಮೋಲಿ ಉಕ್ಕು 435ರ ಆಸುಪಾಸಿನಲ್ಲೇ ಬಾಗತೊಡಗುತ್ತದೆ. ಒಂದೇ ಗಟ್ಟಿ ಬ್ರೇಕಿಗೆ ಫೋರ್ಕ್ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬದಲಿಗೆ 22.2 ಮಿ.ಮೀ. ವ್ಯಾಸ, 2 ಮಿ.ಮೀ. ಗೋಡೆಯ ಎರಡು ತೆಳು ಟ್ಯೂಬುಗಳನ್ನು ಕೆಳ ಪಿವಟ್ ಬಳಿ 60 ಮಿ.ಮೀ. ಅಗಲಿಸಿ, ಮೇಲೆ ಪಿವಟ್‌ನಲ್ಲೂ ಕೆಳಗೆ ಆಕ್ಸಲಿನಲ್ಲೂ ಕೂಡಿಸಿದರೆ ಒತ್ತಡ 90ರ ಒಳಗೆ ಉಳಿಯುತ್ತದೆ. ಗರ್ಡರ್ ಎಂಬ ಹೆಸರು ಬಂದದ್ದೇ ಈ ಸೇತುವೆಯ ಜಂತಿಯಂಥ ರಚನೆಯಿಂದ. ಮುಂದಿನ ಟ್ಯೂಬ್ ನೇರ, ಹಿಂದಿನದು ಕೆಳ ಪಿವಟ್ ಬಳಿ ಬಾಗಿದ್ದು.

ಸಾಮಾನು

4130 ಸೀಮ್‌ಲೆಸ್ ಟ್ಯೂಬ್, 22.2 × 2 ಮಿ.ಮೀ.: 5 ಮೀಟರ್. ಇದರಲ್ಲಿ 1 ಮೀಟರ್ ವೆಲ್ಡಿಂಗ್ ಅಭ್ಯಾಸಕ್ಕೆ.
ಪಿವಟ್ ಬಾಸ್‌ಗೆ (ಕೀಲಿನ ಅಡ್ಡ ಕೊಳವೆ) ಎಸ್‌ಟಿ52 ಸೀಮ್‌ಲೆಸ್, ಹೊರಗೆ 32, ಒಳಗೆ 22 ಮಿ.ಮೀ.: 1 ಮೀಟರ್. 205 ಮಿ.ಮೀ.ನ ನಾಲ್ಕು ತುಂಡು.
ಲಿಂಕ್: ಇಎನ್8 ಉಕ್ಕು, 12 ಮಿ.ಮೀ. ದಪ್ಪ, 4.
ಸ್ಪಿಂಡಲ್ (ಬಾಸಿನೊಳಗೆ ಹಾಯುವ ಕೀಲು ಕಡ್ಡಿ): ಇಎನ್24 ಉಕ್ಕು, ಟಿ ಎಂಬ ಹೀಟ್ ಟ್ರೀಟ್‌ಮೆಂಟ್ ಸ್ಥಿತಿಯದ್ದು, 16 ಮಿ.ಮೀ.ಗೆ ಗ್ರೈಂಡ್ ಮಾಡಿದ್ದು, 4. ಎರಡೂ ತುದಿ ಎಂ12.
ಗನ್‌ಮೆಟಲ್ ಬುಷ್: 8. ಒತ್ತು ವಾಷರ್, 1.5 ಮಿ.ಮೀ.: 8.
ಸ್ಟೆಮ್: ಇಎನ್19 ರಾಡ್. ಟಿ: ಐಎಸ್ 2062 ದರ್ಜೆಯ 25 ಮಿ.ಮೀ. ಪ್ಲೇಟ್.
ಆಕ್ಸಲ್ ಪ್ಲೇಟ್ ಮತ್ತು ಕ್ಯಾಲಿಪರ್ ಬ್ರಾಕೆಟ್: ಐಎಸ್ 2062, ಇ350, 10 ಮಿ.ಮೀ.

ಬೆಂಗಳೂರಿನಲ್ಲಾದರೆ ಬೋಲ್ಟ್, ಬೇರಿಂಗ್, ರೀಮರ್, ಟ್ಯಾಪ್‌ಗಳಿಗೆ ಎಸ್‌ಜೆಪಿ ರಸ್ತೆ. ಕೋನ್ ಸೆಟ್, ಆಕ್ಸಲ್, ಕ್ಯಾಲಿಪರ್‌ಗೆ ಜೆಸಿ ರಸ್ತೆ, ಕಲಾಸಿಪಾಳ್ಯ. ಲೇಸರ್ ಕಟಿಂಗ್, ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಸ್ಪ್ರಿಂಗ್ ಸುತ್ತಿಸುವುದಕ್ಕೆ ಪೀಣ್ಯ. ಪ್ಲೇಟುಗಳನ್ನೆಲ್ಲ ಒಂದೇ ಡ್ರಾಯಿಂಗಿನಲ್ಲಿ ಜೋಡಿಸಿ ಒಂದೇ ಸಲ ಕತ್ತರಿಸಿಕೊಳ್ಳಿ. ಚಿಲ್ಲರೆ ಕೆಲಸವನ್ನು ಮುಂದಕ್ಕೆ ತಳ್ಳುತ್ತಾರೆ. ಟ್ಯೂಬ್ ಕೊಳ್ಳುವಾಗ ಟೆಸ್ಟ್ ಸರ್ಟಿಫಿಕೇಟ್ ಕೇಳಿ, ಅದರ ಹೀಟ್ ನಂಬರ್ ಟ್ಯೂಬಿನ ಮೇಲಿನದಕ್ಕೆ ತಾಳೆ ನೋಡಿ. ಗುಜರಿಯ ಹಬ್ಬು, ಹೆಡ್‌ಲೈಟ್ ಧಾರಾಳವಾಗಿ ಬಳಸಿ. ಗುಜರಿಯ ಟ್ಯೂಬ್ ಮಾತ್ರ ಬೇಡ. ನೀರಿನ ಜಿಐ ಪೈಪು, ಕುರ್ಚಿ ಮಂಚದ ಪೈಪು ಫೋರ್ಕಿಗೆ ಎಂದೂ ಅಲ್ಲ.

ಟಿ ಮತ್ತು ಸ್ಟೆಮ್

ಹೆಡ್ ಪೈಪಿನ ಕಪ್ ಕೂರುವ ವ್ಯಾಸ, ಆಳ ಅಳೆದು ಅದಕ್ಕೆ ಹೊಂದುವ ಟೇಪರ್ ರೋಲರ್ ಬೇರಿಂಗ್ ಹುಡುಕಿ, ಆಮೇಲೆ ಬೇರಿಂಗಿಗೆ ತಕ್ಕಂತೆ ಸ್ಟೆಮ್ ತಿರುವಿಸಿ. ಸ್ಟೆಮ್ಮಿನ ಬುಡದಲ್ಲಿ ಒಂದು ಮೆಟ್ಟಿಲು ಇರಬೇಕು. ಸ್ಟೆಮ್ಮನ್ನು ಟಿಯೊಳಗೆ ಕೆಳಗಿನಿಂದ ಮೇಲಕ್ಕೆ ಒತ್ತಿ ಕೂರಿಸಿದರೆ ಆ ಮೆಟ್ಟಿಲು ಟಿಯ ತಳಕ್ಕೆ ಆನಿಕೊಳ್ಳುತ್ತದೆ. ಬಿಗಿತ ಸಡಿಲವಾದರೂ ಸ್ಟೆಮ್ ಟಿಯಿಂದ ಮೇಲಕ್ಕೆ ಕಿತ್ತು ಬರುವುದಿಲ್ಲ. 30 ಮಿ.ಮೀ. ವ್ಯಾಸಕ್ಕೆ 0.03ರಿಂದ 0.05 ಮಿ.ಮೀ. ಬಿಗಿ ಸಾಕು. ಸ್ಟೆಮ್ಮಿಗೆ ವೆಲ್ಡ್ ಮಾಡಿಸಬೇಡಿ. ಇಎನ್19ರಂಥ ಉಕ್ಕು ವೆಲ್ಡಿಂಗ್ ಬಿಸಿಗೆ ಪಕ್ಕದಲ್ಲೇ ಗಡುಸಾಗಿ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಕ್ರಮ ತಪ್ಪಬಾರದು: ಟಿಗೆ ಬಾಸ್ ವೆಲ್ಡ್ ಮೊದಲು, ಸ್ಟೆಮ್ ರಂಧ್ರ ಬೋರ್ ಮಾಡುವುದು ಆಮೇಲೆ. ಬೋರ್ ಮಾಡಿದ ಟಿಗೆ ವೆಲ್ಡ್ ಹಾಕಿದರೆ ಪ್ಲೇಟು ಸೆಳೆದು ರಂಧ್ರ ಓರೆಯಾಗುತ್ತದೆ, ಎಷ್ಟು ತಿದ್ದಿದರೂ ಚಕ್ರ ನೆಟ್ಟಗೆ ನಿಲ್ಲುವುದಿಲ್ಲ. ಮೇಲಿನ ಸ್ಪಿಂಡಲ್ ಸ್ಟೆಮ್ ನಟ್ಟಿನ ಮೇಲೆ ಹಾಯುತ್ತದೆ. ಹಾಗಾಗಿ ಕೋನ್ ಬಿಗಿ ಮಾಡುವಾಗ ಆ ಸ್ಪಿಂಡಲ್ ಕಳಚಬೇಕು. ಪಾನಾ ತಿರುಗಿಸಲು ಜಾಗ ಈಗಲೇ ಬಿಡಿ. ಟಿಗೆ ಎರಡೂ ಕಡೆ 30ರಿಂದ 35 ಡಿಗ್ರಿಗೆ ತಡೆ ಇರಲಿ, ಇಲ್ಲದಿದ್ದರೆ ಲಿಂಕು ಟ್ಯಾಂಕಿಗೆ ಗುದ್ದುತ್ತದೆ.

ಜಿಗ್, ಫಿಟಿಂಗ್, ವೆಲ್ಡಿಂಗ್

1,200 × 300 ಮಿ.ಮೀ. ಅಳತೆಯ, 16 ಮಿ.ಮೀ. ದಪ್ಪದ ಸಮತಟ್ಟು ಪ್ಲೇಟಿನ ಮೇಲೆ ಜಿಗ್ (ವೆಲ್ಡ್ ಮಾಡುವಾಗ ಭಾಗಗಳನ್ನು ಅಳತೆಯಲ್ಲಿ ಹಿಡಿದಿಡುವ ಚೌಕಟ್ಟು) ಕಟ್ಟಿ. ಮೂರು ರಾಡು ಅದರ ಜೀವಾಳ: ಮೇಲಿನ ಪಿವಟ್, ಕೆಳಗಿನ ಪಿವಟ್, ಆಕ್ಸಲ್. ಮೂರೂ ಗ್ರೈಂಡ್ ಮಾಡಿದ ನೇರ ರಾಡುಗಳು, ಒಂದಕ್ಕೊಂದು ಸಮಾಂತರ. 200 ಮಿ.ಮೀ. ಅಗಲದಲ್ಲಿ ವ್ಯತ್ಯಾಸ 0.2 ಮಿ.ಮೀ. ಮೀರಬಾರದು. ಬ್ಲೇಡುಗಳ ನಡುವೆ ಟಯರಿಗೆ ಎರಡೂ ಕಡೆ ಕನಿಷ್ಠ 15 ಮಿ.ಮೀ. ಬಿಡಿ.

ಟ್ಯೂಬಿನ ತುದಿಯನ್ನು ಬಾಸಿನ ದುಂಡಿಗೆ ಕೂರುವಂತೆ ಮೀನಿನ ಬಾಯಿಯ ಆಕಾರಕ್ಕೆ ಕೊರೆಯಬೇಕು. 32 ಮಿ.ಮೀ. ಹೋಲ್‌ಸಾ ಹಾಕಿ ಒರಟಾಗಿ ತೆಗೆದು, ಅರ್ಧದುಂಡು ಅರದಿಂದ ಉಜ್ಜುತ್ತ ಬನ್ನಿ. ಬಾಸಿನ ಮೇಲೆ ಚಾಕ್‌ಪೀಸ್ ಬಳಿದು ಟ್ಯೂಬನ್ನು ಒತ್ತಿ ತಿರುಗಿಸಿ. ಬಿಳಿ ಹತ್ತಿದ ಕಡೆ ಮಾತ್ರ ಉಜ್ಜಿ. ಸುತ್ತಲೂ ಒಂದೇ ಸಮ ಬಿಳಿ ಹತ್ತುವ ತನಕ ಇದೇ ಕೆಲಸ. ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.65 ಮಿ.ಮೀ.; ಅದು ಜಂಟಿಯ ಯಾವ ಕಡೆಯಿಂದಲಾದರೂ ಒಳಗೆ ತೂರಿದರೆ ಆ ತುದಿ ಇನ್ನೂ ಆಗಿಲ್ಲ. ಒಂದು ತುದಿಗೆ ಅರ್ಧ ಗಂಟೆ ಹಿಡಿಯಬಹುದು. ಈ ಅರ್ಧ ಗಂಟೆ ಉಳಿಸಲು ಹೋಗಿ ಸಂದಿಯನ್ನು ವೆಲ್ಡಿಂಗ್ ಕಡ್ಡಿಯಿಂದ ತುಂಬಿದರೆ, ತಣಿಯುವಾಗ ಆ ಕಡೆ ಹೆಚ್ಚು ಸೆಳೆದು ಬ್ಲೇಡ್ ತಿರುಚುತ್ತದೆ.

ಪ್ರತಿ ಟ್ಯೂಬಿಗೂ ಗಾಳಿ ಹೋಗಲು ಜಂಟಿಯ ಒಳಗೆ ಮುಚ್ಚಿಹೋಗುವ ಜಾಗದಲ್ಲಿ 3 ಮಿ.ಮೀ. ತೂತು ಬೇಕು. ಇಲ್ಲದಿದ್ದರೆ ಕೊನೆಯ ಸುತ್ತು ಮುಗಿಯುವ ಹೊತ್ತಿಗೆ ಒಳಗಿನ ಬಿಸಿಗಾಳಿ ಕರಗಿದ ಲೋಹವನ್ನು ಊದಿ ಪಿನ್ನಿನ ಮೊನೆಯಷ್ಟು ತೂತು ಬಿಡುತ್ತದೆ.

ವೆಲ್ಡಿಂಗ್ ಟಿಗ್‌ನಲ್ಲೇ (ಆರ್ಗಾನ್ ಅನಿಲದ ಮರೆಯಲ್ಲಿ ಮಾಡುವ ವೆಲ್ಡಿಂಗ್) ಆಗಬೇಕು. 2 ಮಿ.ಮೀ. ಗೋಡೆಗೆ ಡಿಸಿಯಲ್ಲಿ 60ರಿಂದ 80 ಆಂಪಿಯರ್, ಇಆರ್70ಎಸ್-2 ಕಡ್ಡಿ 1.6 ಮಿ.ಮೀ., ಆರ್ಗಾನ್ ನಿಮಿಷಕ್ಕೆ 8ರಿಂದ 10 ಲೀಟರ್. ಶೆಡ್ಡಿನ ಫ್ಯಾನು ಆರಿಸಿ, ಬಾಗಿಲ ಗಾಳಿಗೆ ಅಡ್ಡ ಇಡಿ. ಗಾಳಿಗೆ ಆರ್ಗಾನ್ ಚದುರಿದರೆ ವೆಲ್ಡು ಜೇನುಗೂಡಿನಂತೆ ತೂತುತೂತಾಗುತ್ತದೆ. ಟ್ಯೂಬಿನ ಎಣ್ಣೆ, ತುಕ್ಕು ಪೂರ್ತಿ ಹೋಗಿ ಲೋಹ ಹೊಳೆಯಬೇಕು. ಮಳೆಗಾಲದಲ್ಲಿ ಬೆಳಗ್ಗೆ ತೆಗೆದ ತುಕ್ಕು ಸಂಜೆಗೆ ಮತ್ತೆ ಹತ್ತಿರುತ್ತದೆ, ವೆಲ್ಡಿಗೆ ಮುಂಚೆ ಇನ್ನೊಮ್ಮೆ ಒರೆಸಿ.

ಎಲ್ಲ ಜಂಟಿಗೂ ಮೊದಲು ನಾಲ್ಕು ನಾಲ್ಕು ಟ್ಯಾಕ್ (ಚುಕ್ಕೆ ವೆಲ್ಡ್). ಆಮೇಲೆ ಎಡಕ್ಕೊಂದು ಕಾಲು ಸುತ್ತು, ಬಲಕ್ಕೊಂದು ಕಾಲು ಸುತ್ತು, ಹೀಗೆ ಅದಲುಬದಲು. ಪ್ರತಿ ಸುತ್ತಿನ ನಂತರ ಆಕ್ಸಲ್ ರಾಡನ್ನು ಕೈಯಿಂದ ತಿರುಗಿಸಿ ನೋಡಿ: ಸಲೀಸಾಗಿ ತಿರುಗಿದರೆ ಮುಂದುವರಿಯಿರಿ, ಬಿಗಿಯಾದರೆ ನಿಲ್ಲಿಸಿ ತಣಿಯಲು ಬಿಡಿ. ನೀರು ಹಾಕಿ ತಣಿಸಿದರೆ ಕ್ರೋಮೋಲಿ ಗಾಜಿನಂತೆ ಗಡುಸಾಗುತ್ತದೆ. ತಾನಾಗಿ ಆರಲಿ, ಜಿಗ್‌ನಿಂದ ಮರುದಿನವೇ ಬಿಚ್ಚಿ.

ಟಯರಿನ ಮೇಲೆ ಎರಡೂ ಬ್ಲೇಡ್ ಸೇರಿಸುವ ಕಮಾನು ಕಡ್ಡಾಯ. ಬ್ರೇಕ್ ಒಂದೇ ಬದಿಯಲ್ಲಿ ಇರುವುದರಿಂದ ಆ ಬ್ಲೇಡ್ ಮಾತ್ರ ತಿರುಚಿಕೊಳ್ಳದಂತೆ ಹಿಡಿಯುವುದು ಅದೇ. ಕಮಾನೂ ಚಕ್ರದ ಜೊತೆಗೇ ಮೇಲೆ ಕೆಳಗೆ ಹೋಗುವುದರಿಂದ ಟಯರಿನಿಂದ 15 ಮಿ.ಮೀ. ಅಂತರ ಸಾಕು.

ಬುಷ್

ಬುಷ್ ಒತ್ತಿ ಕೂರಿಸಿದಾಗ ಒಳಗಿನ ರಂಧ್ರ ಕುಗ್ಗುತ್ತದೆ. ಹಾಗಾಗಿ ಮೊದಲು ಒತ್ತಿ, ಆಮೇಲೆ 16 ಎಚ್7 ಅಳತೆಯ ರೀಮರ್ (ರಂಧ್ರವನ್ನು ನಿಖರ ಅಳತೆಗೆ ತರುವ ಉಪಕರಣ) ಹಾಕಿ. ಬಾಸಿನ ಎರಡೂ ಬುಷ್‌ಗಳನ್ನು ಉದ್ದನೆಯ ಒಂದೇ ರೀಮರಿನಲ್ಲಿ ಒಂದೇ ಸಲ ತೆಗೆದರೆ ಮಾತ್ರ ಎರಡೂ ಒಂದೇ ಗೆರೆಯಲ್ಲಿರುತ್ತವೆ. ಸ್ಪಿಂಡಲ್ 15.97 ಇದ್ದರೆ ಗ್ರೀಸಿಗೆ ಜಾಗ ಸಿಗುತ್ತದೆ.

ಸ್ಪಿಂಡಲಿನ 16 ಮಿ.ಮೀ. ಭಾಗದ ಉದ್ದ ಬಾಸಿನ 205, ಎರಡು ವಾಷರಿನ 3, ಅದರ ಮೇಲೆ 0.2, ಅಂದರೆ 208.2 ಮಿ.ಮೀ. ಎಂ12 ನೈಲಾಕ್ (ಸಡಿಲವಾಗದಂತೆ ನೈಲಾನ್ ಉಂಗುರವಿರುವ) ನಟ್ಟನ್ನು 80 ನ್ಯೂಟನ್ ಮೀಟರಿಗೆ ಬಿಗಿದಾಗ ಲಿಂಕು ಸ್ಪಿಂಡಲಿನ ಮೆಟ್ಟಿಲಿಗೆ ಕಚ್ಚುತ್ತದೆ, ಬಾಸಿಗಲ್ಲ. ಈ 0.2 ಇಲ್ಲದಿದ್ದರೆ ನಟ್ಟು ಬಿಗಿದಂತೆಲ್ಲ ಫೋರ್ಕ್ ಬಿಗಿಯಾಗುತ್ತದೆ. ಸಡಿಲ ಬಿಟ್ಟರೆ ನಟ್ಟೇ ಬಿಚ್ಚಿಕೊಳ್ಳುತ್ತದೆ.

ಈಗ ಸ್ಪ್ರಿಂಗ್ ಇಲ್ಲದೆ ಫೋರ್ಕನ್ನು ಬೈಕಿಗೆ ಕೂರಿಸಿ. ಬ್ಲೇಡನ್ನು ಕೈಯಿಂದ ಪೂರ್ತಿ ಮೇಲೆತ್ತಿ ಬಿಡಿ. ತನ್ನ ತೂಕಕ್ಕೆ ತಾನೇ 75 ಮಿ.ಮೀ. ಸಲೀಸಾಗಿ ಇಳಿಯಬೇಕು. ಮಧ್ಯೆ ಎಲ್ಲೋ ಹಿಡಿದರೆ ಲಿಂಕುಗಳ ಉದ್ದ ಒಂದೇ ಇಲ್ಲ, ಅಥವಾ ಬಾಸ್ ಓರೆಯಾಗಿದೆ. ಗ್ರೀಸ್ ಹಾಕಿ, ಬುಷ್ ಸಡಿಲ ಮಾಡಿ ಇದನ್ನು ಮುಚ್ಚಿಹಾಕಬೇಡಿ. ಒಂದೊಂದೇ ಸ್ಪಿಂಡಲ್ ಕಳಚುತ್ತ ಹೋಗಿ. ಯಾವುದನ್ನು ಕಳಚಿದಾಗ ಸಲೀಸಾಗುತ್ತದೋ ತಪ್ಪು ಅಲ್ಲಿದೆ. ನಾಲ್ಕು ಲಿಂಕುಗಳನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿ ಒಂದೇ ಸಲ ರಂಧ್ರ ಕೊರೆದಿದ್ದರೆ ಈ ತೊಂದರೆ ಅರ್ಧ ಬರುವುದೇ ಇಲ್ಲ.

ಸ್ಪ್ರಿಂಗ್ ಮತ್ತು ಡ್ಯಾಂಪರ್

ಡ್ಯಾಂಪರಿನ ಮೇಲಿನ ಕಣ್ಣು ಮೇಲಿನ ಟಿಗೆ, ಕೆಳಗಿನ ಕಣ್ಣು ಬ್ಲೇಡಿನ ಕೆಳ ಬಾಸಿಗೆ. ಆಗ ಚಕ್ರ 1 ಮಿ.ಮೀ. ಏರಿದರೆ ಸ್ಪ್ರಿಂಗೂ ಹತ್ತಿರ ಹತ್ತಿರ 1 ಮಿ.ಮೀ. ಒತ್ತುತ್ತದೆ. ಮುಂದಿನ ಚಕ್ರದ ಪಾಲು ಸುಮಾರು 125 ಕೆ.ಜಿ., ಅದರಲ್ಲಿ ಚಕ್ರ, ಬ್ರೇಕ್, ಬ್ಲೇಡಿನ 20 ಕೆ.ಜಿ. ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ. ಉಳಿದ 105 ಕೆ.ಜಿ. ಅಕ್ಷದ ಗುಂಟ 920 ನ್ಯೂಟನ್ ಒತ್ತುತ್ತದೆ. ಮಿ.ಮೀ.ಗೆ 25 ನ್ಯೂಟನ್ ಸ್ಪ್ರಿಂಗಿಗೆ 12 ಮಿ.ಮೀ. ಪ್ರೀಲೋಡ್ ಕೊಟ್ಟರೆ (ಕೂರಿಸುವಾಗಲೇ ಅಷ್ಟು ಒತ್ತಿಟ್ಟರೆ) ಸವಾರ ಕೂತಾಗ 25 ಮಿ.ಮೀ. ಕುಸಿಯುತ್ತದೆ.

ಇದಕ್ಕೆ 7.5 ಮಿ.ಮೀ. ಕ್ರೋಮ್ ವನೇಡಿಯಂ ಅಥವಾ ಕ್ರೋಮ್ ಸಿಲಿಕಾನ್ ತಂತಿ, ಸುರುಳಿಯ ಮಧ್ಯದ ವ್ಯಾಸ 50, ಕೆಲಸ ಮಾಡುವ ಸುತ್ತು 10, ತುದಿಯ 2 ಸೇರಿ 12, ಬಿಡಿ ಉದ್ದ 188 ಮಿ.ಮೀ. ಪೂರ್ತಿ ಒತ್ತಿದಾಗಲೂ ಸುರುಳಿಗಳ ನಡುವೆ ಒಟ್ಟು 11 ಮಿ.ಮೀ. ಉಳಿಯುತ್ತದೆ. ಸುರುಳಿಗೆ ಸುರುಳಿ ತಾಗಿದರೆ ಆ ಏಟು ನೇರ ಲಿಂಕಿಗೆ ಬೀಳುತ್ತದೆ.

ಬಂದ ಸ್ಪ್ರಿಂಗನ್ನು ನಂಬಿಕೆಯ ಮೇಲೆ ಹಾಕಬೇಡಿ. ನಿಲ್ಲಿಸಿದ ಡ್ರಿಲಿಂಗ್ ಮೆಷಿನ್ ಕೆಳಗೆ ಮನೆಯಲ್ಲಿ ತೂಕ ನೋಡುವ ಸ್ಕೇಲ್ ಇಟ್ಟು, ಅದರ ಮೇಲೆ ಪ್ಲೇಟು, ಪ್ಲೇಟಿನ ಮೇಲೆ ಸ್ಪ್ರಿಂಗ್ ನಿಲ್ಲಿಸಿ. ಪ್ಲಗ್ ಕಿತ್ತಿಡಿ. ಹಿಡಿ ತಿರುಗಿಸಿ 10 ಮಿ.ಮೀ. ಒತ್ತಿದಾಗ 25.5 ಕೆ.ಜಿ., 20ಕ್ಕೆ 51, 30ಕ್ಕೆ 76.5 ತೋರಿಸಬೇಕು. ಹತ್ತರಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೆ ಪ್ರೀಲೋಡಿನಲ್ಲಿ ಹೊಂದಿಸಬಹುದು, ಅದಕ್ಕಿಂತ ಹೆಚ್ಚಾದರೆ ವಾಪಸ್ ಕೊಡಿ.

ಡ್ಯಾಂಪರಿನ ಓಟ 75ಕ್ಕಿಂತ ಕಡಿಮೆ ಇರಬಾರದು. ಬೈಕಿನ ಮುಂಭಾಗ ಜೋರಾಗಿ ಒತ್ತಿ ಬಿಟ್ಟರೆ ಒಮ್ಮೆ ಮೇಲೆ ಬಂದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ರೀಬೌಂಡ್ (ಸ್ಪ್ರಿಂಗ್ ವಾಪಸ್ ಏರುವಾಗಿನ ತಡೆ) ಸಾಲದು.

ಚಕ್ರ ಮತ್ತು ಬ್ರೇಕ್

ಕ್ಯಾಲಿಪರ್ ಬ್ರಾಕೆಟ್ ಚಿಕ್ಕದಾಗಿ ಕಂಡರೂ ಅದರ ಮೇಲಿನ ಭಾರ ಚಿಕ್ಕದಲ್ಲ. 280 ಮಿ.ಮೀ. ಡಿಸ್ಕಿನಲ್ಲಿ ಮೇಲಿನ ಬ್ರೇಕ್ ಲೆಕ್ಕಕ್ಕೆ ಸುಮಾರು 4,600 ನ್ಯೂಟನ್, ಅಂದರೆ 470 ಕೆ.ಜಿ. ಬ್ರಾಕೆಟ್ಟನ್ನು ಆಕ್ಸಲ್ ಪ್ಲೇಟಿಗೂ ಹಿಂದಿನ ಟ್ಯೂಬಿಗೂ ಎರಡು ಕಡೆ ಕಟ್ಟಿ. ಬರೀ ಟ್ಯೂಬಿನ ಗೋಡೆಗೆ ಒಂದು ಕಿವಿ ವೆಲ್ಡ್ ಮಾಡಿ ಬಿಟ್ಟರೆ ಆ ಕಿವಿ ಗೋಡೆಯ ಸಮೇತ ಹರಿದು ಬರುತ್ತದೆ. ಬ್ರೇಕ್ ಹೋಸ್ ಉದ್ದವನ್ನು ಫೋರ್ಕ್ ಪೂರ್ತಿ ಇಳಿದಾಗ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಎಬಿಎಸ್ ಇರುವ ಬೈಕಾದರೆ ಸೆನ್ಸರ್ ಮತ್ತು ರಿಂಗಿನ ನಡುವಿನ ಸಂದಿ ಮ್ಯಾನ್ಯುಯಲ್‌ನಲ್ಲಿ ಇರುವಷ್ಟೇ ಇರಲಿ.

ಬಣ್ಣಕ್ಕೆ ಮುಂಚೆ ಪರೀಕ್ಷೆ

ಡೈ ಪೆನೆಟ್ರೆಂಟ್ ಕಿಟ್‌ನಲ್ಲಿ ಮೂರು ಡಬ್ಬಿ. ಮೊದಲನೆಯದರಿಂದ ತೊಳೆದು, ಕೆಂಪು ದ್ರವ ಸಿಂಪಡಿಸಿ 15 ನಿಮಿಷ ಬಿಡಿ. ಬಟ್ಟೆಯಲ್ಲಿ ಒರೆಸಿ ತೆಗೆದು ಬಿಳಿ ಡೆವಲಪರ್ ಹಾಕಿ ಇನ್ನು 10 ನಿಮಿಷ ಕಾಯಿರಿ. ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡಿದರೆ ಅದು ಬಿರುಕು. ಮೇಲೆ ಇನ್ನೊಂದು ವೆಲ್ಡ್ ಎಳೆಯಬೇಡಿ. ಗೆರೆ ಮಾಯವಾಗುವ ತನಕ ಉಜ್ಜಿ ತೆಗೆದು ಹೊಸದಾಗಿ ವೆಲ್ಡ್ ಮಾಡಿ, ಮತ್ತೆ ಪರೀಕ್ಷಿಸಿ. ಕೆಳ ಬಾಸಿನ ಸುತ್ತ ಮತ್ತು ಗಸೆಟ್ (ಮೂಲೆಗೆ ಬಲ ಕೊಡುವ ತಗಡು) ಮುಗಿಯುವ ತುದಿಗಳಲ್ಲಿ ಭೂತಗನ್ನಡಿ ಹಿಡಿದು ನೋಡಿ.

ಮುಂದೆ ಎಳೆತದ ಪರೀಕ್ಷೆ. ಸ್ಟೆಮ್ಮನ್ನು ಗಟ್ಟಿ ಕಟ್ಟಿ, ಆಕ್ಸಲಿಗೆ ಚೈನ್ ಬ್ಲಾಕ್ ಹಾಕಿ, ನಡುವೆ ನೇತಾಡುವ ತಕ್ಕಡಿ ಇಟ್ಟು ಹಿಂದಕ್ಕೆ ಎಳೆಯಿರಿ. ಮೇಲಿನ ಗಟ್ಟಿ ಬ್ರೇಕಿಗೆ 300 ಕೆ.ಜಿ. ಸಮ. 100, 200, 300, ಕೊನೆಗೆ ಗುಂಡಿಯ ಏಟಿನ ಲೆಕ್ಕಕ್ಕೆ 400. ಪ್ರತಿ ಸಲ ಸಡಿಲ ಬಿಟ್ಟು ಡಯಲ್ ಗೇಜ್ ಓದಿ. ಮೊದಲಿನ ಜಾಗಕ್ಕಿಂತ 0.1 ಮಿ.ಮೀ. ಒಳಗೆ ವಾಪಸ್ ಬರಬೇಕು. ಬರದಿದ್ದರೆ ಏನೋ ಬಾಗಿದೆ, ಆ ಫೋರ್ಕ್ ಬೈಕಿಗೆ ಹೋಗಬಾರದು. ಎಳೆಯುವಾಗ ಚೈನಿನ ಗೆರೆಯಲ್ಲಿ ಯಾರೂ ನಿಲ್ಲಬಾರದು.

ಬಣ್ಣಕ್ಕೆ ಪೌಡರ್ ಕೋಟಿಂಗ್ ಅಥವಾ ಪೇಂಟ್. ಕ್ರೋಮ್ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಗಡುಸು ಉಕ್ಕನ್ನು ಪೆಡಸು ಮಾಡುತ್ತದೆ. ಸ್ಪಿಂಡಲ್, ಸ್ಪ್ರಿಂಗಿಗೆ ಇದು ಎಲ್ಲಕ್ಕಿಂತ ಅಪಾಯ. ತಿಳಿ ಬಣ್ಣದ ಪೇಂಟಿನ ಮೇಲೆ ಬಿರುಕು ತುಕ್ಕಿನ ಗೆರೆಯಾಗಿ ಬೇಗ ಕಾಣುತ್ತದೆ, ಕ್ರೋಮಿನ ಹೊಳಪಿನಲ್ಲಿ ಕಣ್ಣಿಗೆ ತಪ್ಪುತ್ತದೆ.

ಮೊದಲ ಓಟ

ಖಾಸಗಿ ಜಾಗದಲ್ಲಿ, ಹೆಲ್ಮೆಟ್, ಜಾಕೆಟ್, ಗ್ಲೌಸ್ ಹಾಕಿ, ಜೊತೆಗೊಬ್ಬರನ್ನು ಇಟ್ಟುಕೊಂಡು. 20 ಕಿ.ಮೀ. ವೇಗದಲ್ಲಿ ಹತ್ತು ಸುತ್ತು, ಹತ್ತು ಬ್ರೇಕ್, ನಿಲ್ಲಿಸಿ ಎಲ್ಲ ನಟ್ಟು ನೋಡಿ. ಆಮೇಲೆ 40, ಆಮೇಲೆ 60. ಹಂಪ್ ದಾಟುವುದು 20ರಲ್ಲಿ ಮಾತ್ರ.

ಬ್ರೇಕ್ ಹಿಡಿದಾಗ ಟಕ್ ಎಂದರೆ ಮೊದಲು ಕೋನ್, ಆಮೇಲೆ ಕೆಳ ಸ್ಪಿಂಡಲ್ ನೋಡಿ. ಹ್ಯಾಂಡಲ್ ಒಂದೇ ಕಡೆಗೆ ಎಳೆದರೆ ಆಕ್ಸಲ್ ಪಿವಟ್‌ಗೆ ಸಮಾಂತರವಿಲ್ಲ, ಅಥವಾ ಚಕ್ರದ ಸ್ಪೇಸರ್ ಅದಲುಬದಲಾಗಿದೆ. 40ರಿಂದ 60ರ ನಡುವೆ ಹ್ಯಾಂಡಲ್ ನಡುಗಿದರೆ ಟಯರ್ ಬ್ಯಾಲೆನ್ಸ್, ಬುಷ್ ಆಟ, ಕೋನ್ ಬಿಗಿ, ಈ ಕ್ರಮದಲ್ಲಿ ಹುಡುಕಿ. ಮೂರೂ ಸರಿಯಿದ್ದರೆ ಟ್ರೇಲನ್ನು ತೂಗುಗುಂಡಿನಿಂದ ಮತ್ತೆ ಅಳೆಯಿರಿ. ಹ್ಯಾಂಡಲ್ ನೆಟ್ಟಗೆ ನಿಲ್ಲದೆ ಎಡಬಲ ತಡವರಿಸಿದರೆ ಕೋನ್ ಹೆಚ್ಚು ಬಿಗಿಯಾಗಿದೆ. ಮುಂಚಕ್ರ ಎತ್ತಿದಾಗ ಹ್ಯಾಂಡಲ್ ತನ್ನ ಭಾರಕ್ಕೆ ನಿಧಾನ ಬೀಳಬೇಕು, ಹಿಡಿದು ಅಲ್ಲಾಡಿಸಿದರೆ ಆಟ ಇರಬಾರದು.

100 ಕಿ.ಮೀ. ಆದ ಮೇಲೆ ಫೋರ್ಕ್ ಪೂರ್ತಿ ಬಿಚ್ಚಿ ಬುಷ್ ನೋಡಿ, ನಟ್ಟುಗಳಿಗೆ ಹೊಸ ನೈಲಾಕ್ ಹಾಕಿ. 500ಕ್ಕೆ ಕೆಳ ಬಾಸಿನ ಸುತ್ತ ಪೇಂಟ್ ಕೆರೆದು ಮತ್ತೊಮ್ಮೆ ಡೈ ಪರೀಕ್ಷೆ, ಆಮೇಲೆ ಪ್ರತಿ 1,000 ಕಿ.ಮೀ.ಗೆ. ಗ್ರೀಸ್ ನಿಪ್ಪಲ್‌ಗಳಿಗೆ ಪ್ರತಿ ಓಟದ ನಂತರ ಎರಡು ಪಂಪು, ಹೊಸ ಗ್ರೀಸ್ ವಾಷರಿನ ಅಂಚಿನಲ್ಲಿ ಇಣುಕುವ ತನಕ.